‘ನಾನು’ ಮತ್ತು ‘ನನ್ನದು’: ಪ್ರಾಚೀನ ಗ್ರೀಕ್–ರೋಮನ್ ಚಿಂತಕರ ಆತ್ಮವಿಚಾರ

ಕ್ರಿ.ಪೂ. 5ನೆಯ ಶತಮಾನದ ಆದಿಭಾಗದಲ್ಲಿ ಸಿಸಿಲಿ ದ್ವೀಪದ ಸಿರಕ್ಯೂಸ್ ನಗರದಲ್ಲಿ ಎಪಿಕಾರ್ಮಸ್ ಎಂಬ ಪ್ರಹಸನಕಾರನಿದ್ದನು. ಅವನ ನಾಟಕಗಳಲ್ಲಿ ಒಂದೂ ಇಡಿಯಾಗಿ ನಮಗೆ ಉಳಿದುಬಂದಿಲ್ಲ. ಆದರೂ ಅವನು ರಂಗಕ್ಕೆ ತಂದನೆನ್ನಲಾದ ಒಂದು ಪ್ರಸಂಗವನ್ನು ಗ್ರೀಕ್ ತತ್ತ್ವಜ್ಞಾನಿಗಳು ಮುಂದೆ ಹಲವು ಶತಮಾನಗಳವರೆಗೆ ಮೆಲುಕು ಹಾಕುತ್ತಲೇ ಬಂದರು. ಒಬ್ಬನು ತಾನು ತೆರಬೇಕಾದ ಹಣವನ್ನು ತೆರಲು ಒಪ್ಪುವುದಿಲ್ಲ. ಹರಳುಗಳ ಗುಂಪಿಗೆ ಒಂದು ಹರಳನ್ನು ಸೇರಿಸಿದರೂ ತೆಗೆದರೂ ಹಿಂದಿನ ಸಂಖ್ಯೆ ಉಳಿಯುವುದಿಲ್ಲವಷ್ಟೆ; ಮನುಷ್ಯನೂ ದಿನದಿನಕ್ಕೆ ಬೆಳೆಯುತ್ತಲೋ ಸವೆಯುತ್ತಲೋ ಇರುವವನು; ಆದುದರಿಂದ ಅಂದು ಮಾತು ಕೊಟ್ಟವನು ಬೇರೆ, ಇಂದು ಇಲ್ಲಿ ನಿಂತಿರುವವನು ಬೇರೆ ಎಂಬುದು ಅವನ ವಾದ. ಹಣ ಕೇಳಲು ಬಂದವನು ಸಿಟ್ಟಿನಿಂದ ಅವನನ್ನು ಹೊಡೆಯುತ್ತಾನೆ. ಪೆಟ್ಟು ತಿಂದವನು ದೂರು ಕೊಟ್ಟಾಗ ಹೊಡೆದವನೂ ಅದೇ ವಾದವನ್ನು ಹೂಡುತ್ತಾನೆ: ಹೊಡೆದವನು ಬೇರೆ, ಈಗ ಆರೋಪಕ್ಕೆ ಗುರಿಯಾಗಿರುವವನು ಬೇರೆ! ಈಜಿಪ್ಟಿನಲ್ಲಿ ದೊರೆತು 20ನೆಯ ಶತಮಾನದ ಆರಂಭದಲ್ಲಿ ಬೆಳಕಿಗೆ ಬಂದ ಒಂದು ಪಪೈರಸ್ ಸುರುಳಿಯಲ್ಲಿ ಈ ಹಾಸ್ಯದ ಉತ್ತರಾರ್ಧವು ಉಳಿದುಕೊಂಡಿದೆ.

ನಾಲ್ಕು ದಶಕಗಳಿಗೂ ಮಿಕ್ಕಿ ಬಟ್ಟೆಯ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ನನ್ನಂಥವನಿಗೆ ಈ ಕಥೆ ಬರಿಯ ಹಾಸ್ಯವಾಗಿ ಕಾಣಲಾರದು. ಗಿರಾಕಿಯೊಬ್ಬರು ತಾರುಣ್ಯದಲ್ಲಿ ದುಶ್ಚಟಗಳಿಗೆ ಬಿದ್ದು, ಉದ್ರಿಯಾಗಿ ಬಟ್ಟೆ ಒಯ್ದು, ಊರು ಬಿಟ್ಟಿದ್ದರು. ಹತ್ತಾರು ವರ್ಷಗಳ ತರುವಾಯ ಮರಳಿ ಬಂದರು. ನಾನು ಖತಾವಣಿಯ ಹಳೆಯ ಪುಟವನ್ನು ತೆರೆದು ತೋರಿಸಿದಾಗ, “ಸಾವ್ಕಾರ್ರ, ಈ ಉದ್ರಿ ಮಾಡಿದಾಂವ ಈಗ ಇಲ್ರಿ” ಎಂದು ನಕ್ಕರು. ನಕ್ಕು, ಬಾಕಿಯನ್ನು ಪೈಸೆಗೆ ಪೈಸೆ ಎಣಿಸಿ ಇಟ್ಟರು. ಉದ್ರಿ ಮಾಡಿದವನು ಇಲ್ಲವೆಂದಾದರೆ ಹಣ ಕೊಟ್ಟವರು ಯಾರು? ಕೊಡುವ ಮನಸ್ಸು ಹುಟ್ಟಿದುದು ಅವರು ಬೇರೆ ಮನುಷ್ಯರಾದುದರಿಂದಲೇ ಅಲ್ಲವೆ? ಆ ಸಂಜೆ ಕಿರ್ದಿ ಬರೆಯುವಾಗ ಜಮೆಯನ್ನು ಹಳೆಯ ಹೆಸರಿಗೇ ಹಾಕಿದೆ. ಪ್ರಶ್ನೆ ಮಾತ್ರ ತೀರಲಿಲ್ಲ.

ಈ ಪ್ರಶ್ನೆಯನ್ನು ರೋಮ್ ಸಾಮ್ರಾಜ್ಯದ ಕಾಲದ ಚಿಂತಕರು, ಅಂದರೆ ಸ್ಥೂಲವಾಗಿ ಕ್ರಿ.ಶ. 1ನೆಯ ಶತಮಾನದಿಂದ 6ನೆಯ ಶತಮಾನದವರೆಗಿನವರು, ಹೇಗೆ ಎದುರಿಸಿದರೆಂಬುದನ್ನು ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ. ನಾನು ವಾಣಿಜ್ಯ ಪದವೀಧರನೇ ಹೊರತು ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಬಲ್ಲವನಲ್ಲ. ಇಂಗ್ಲಿಷ್ ಅನುವಾದಗಳ ಮೂಲಕ ಓದಿಕೊಂಡವನೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಆತ್ಮ, ಜೀವ ಎಂಬ ಶಬ್ದಗಳಿಗೆ ಒಗ್ಗಿದ ನಮಗೆ ಮೊದಲು ಎದುರಾಗುವ ತೊಡಕೆಂದರೆ, ಗ್ರೀಕರಲ್ಲಿ ‘ನಾನು ನಿಜವಾಗಿ ಏನು’ ಎಂಬುದಕ್ಕೆ ಎಲ್ಲರೂ ಒಪ್ಪಿದ ಒಂದೇ ಹೆಸರು ಇರಲಿಲ್ಲ. ಪ್ರಾಣಕ್ಕೂ ಮನಸ್ಸಿಗೂ ಸಲ್ಲುವ ‘ಪ್ಸುಖೆ’ ಎಂಬ ಶಬ್ದವಿತ್ತು. ಅದು ಗಿಡಮರಗಳಿಗೂ ಉಂಟೆಂದು ಹೇಳುವವರಿದ್ದರು. ಆದುದರಿಂದ ಒಬ್ಬೊಬ್ಬ ಚಿಂತಕನೂ ತನ್ನದೇ ಆದ ಗೆರೆಯನ್ನು ಎಳೆಯಬೇಕಾಯಿತು: ಇಲ್ಲಿಯವರೆಗೆ ನಾನು, ಇಲ್ಲಿಂದ ಮುಂದೆ ನನ್ನದು, ಅದರಾಚೆಗೆ ನನ್ನದೂ ಅಲ್ಲದ್ದು. ಪ್ಲೇಟೋವಿನ ಹೆಸರಿನಲ್ಲಿ ಬಂದಿರುವ ‘ಆಲ್ಸಿಬಿಯಾಡಿಸ್’ ಎಂಬ ಸಂವಾದದಲ್ಲಿ ಈ ಗೆರೆ ಬಹಳ ಸ್ಪಷ್ಟವಾಗಿದೆ. ಚಮ್ಮಾರನು ಬೇರೆ, ಅವನು ಬಳಸುವ ಉಳಿ ಬೇರೆ. ಹಾಗೆಯೇ ದೇಹವನ್ನು ಬಳಸುವವನು ಬೇರೆ, ದೇಹ ಬೇರೆ. ಆತ್ಮವು ನಾನು; ದೇಹವು ನನ್ನದು; ಹಣಕಾಸು ನನ್ನದಾದುದರ ಉಪಯೋಗಕ್ಕೆ ಬರುವ ಮೂರನೆಯ ವಸ್ತು. ಹೀಗಾಗಿ ಹಣವನ್ನಷ್ಟೇ ನೋಡಿಕೊಳ್ಳುವವನು ತನ್ನನ್ನೂ ನೋಡಿಕೊಳ್ಳುವುದಿಲ್ಲ, ತನ್ನದನ್ನೂ ನೋಡಿಕೊಳ್ಳುವುದಿಲ್ಲ ಎಂದು ಅಲ್ಲಿ ತೀರ್ಮಾನವಾಗುತ್ತದೆ. ವ್ಯಾಪಾರಿಯಾದವನಿಗೆ ಈ ಮಾತು ಚುರುಕು ಮುಟ್ಟಿಸುತ್ತದೆ. ಈ ಸಂವಾದವು ಪ್ಲೇಟೋವಿನ ಕೃತಿಯೇ ಅಲ್ಲವೇ ಎಂಬ ಬಗ್ಗೆ ಇಂದಿನ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ, ನಾವು ಹೇಳಹೊರಟಿರುವ ಕಾಲದ ಕೊನೆಯ ಘಟ್ಟದಲ್ಲಿ ಪ್ಲೇಟೋವನ್ನು ಓದಲು ಬಂದ ವಿದ್ಯಾರ್ಥಿಗಳಿಗೆ ಮೊತ್ತಮೊದಲು ಹೇಳಿಕೊಡುತ್ತಿದ್ದುದು ಇದನ್ನೇ.

ಎಪಿಕಾರ್ಮಸನ ಸಾಲಗಾರನನ್ನು ಮತ್ತೆ ನೆನೆದವನು ಪ್ಲುಟಾರ್ಕ್. ಸುಮಾರು ಕ್ರಿ.ಶ. 46ರಿಂದ 120ರವರೆಗೆ ಬಾಳಿದ ಈತನು ಡೆಲ್ಫಿಯ ಅಪೋಲೋ ದೇವಾಲಯದ ಪುರೋಹಿತರಲ್ಲಿ ಒಬ್ಬನು. ನಿನ್ನನ್ನು ನೀನು ಅರಿತುಕೋ ಎಂಬ ಪ್ರಸಿದ್ಧ ಶಾಸನವಿದ್ದುದು ಆ ದೇವಾಲಯದಲ್ಲಿಯೇ. ಅಲ್ಲಿಯ ಇನ್ನೊಂದು ಒಗಟಾದ ಅಕ್ಷರವನ್ನು ಕುರಿತು ಪ್ಲುಟಾರ್ಕನು ಬರೆದ ಸಂವಾದದಲ್ಲಿ ಅವನ ಗುರುವಿನ ಬಾಯಿಂದ ಒಂದು ದೀರ್ಘ ಭಾಷಣ ಬರುತ್ತದೆ. ಶಿಶುವು ಸತ್ತು ಬಾಲಕನಾಗುತ್ತಾನೆ, ಬಾಲಕನು ಸತ್ತು ತರುಣನಾಗುತ್ತಾನೆ, ನಿನ್ನೆಯವನು ಇಂದಿನವನಲ್ಲಿ ಅಳಿದುಹೋಗುತ್ತಾನೆ. ಇಷ್ಟೊಂದು ಸಾವುಗಳನ್ನು ಈಗಾಗಲೇ ಸತ್ತಿರುವ ನಾವು ಕೊನೆಯ ಒಂದು ಸಾವಿಗೆ ಹೆದರುವುದು ನಗೆಪಾಟಲೆಂಬುದು ಅದರ ತಾತ್ಪರ್ಯ. ಸ್ವಾರಸ್ಯವೆಂದರೆ ಅದೇ ಪ್ಲುಟಾರ್ಕನು ದೈವದಂಡನೆಯು ತಡವಾಗಿ ಬರುವುದೇಕೆಂಬ ಇನ್ನೊಂದು ಗ್ರಂಥದಲ್ಲಿ ಇದಕ್ಕೆ ಎದುರಾಗಿ ನಿಲ್ಲುತ್ತಾನೆ. ಒಂದು ಪಟ್ಟಣದ ಜನ ಬದಲಾದರೂ ಪಟ್ಟಣ ಒಂದೇ. ಪೂರ್ವಿಕರ ಕೀರ್ತಿಯನ್ನು ಅನುಭವಿಸುವವರು ಅವರ ಅಪರಾಧದ ಹೊಣೆಯನ್ನೂ ಹೊರಬೇಕು. ಇಲ್ಲವಾದರೆ ಹಿಂದೆ ಸಾಲ ಮಾಡಿದವನು ಇಂದು ಸಾಲಗಾರನೇ ಅಲ್ಲವೆಂದಾದೀತು ಎಂದು ಎಚ್ಚರಿಸುತ್ತಾನೆ. ಒಬ್ಬನೇ ಲೇಖಕ ಎರಡು ಕಡೆ ಎರಡು ಬಗೆಯಾಗಿ ಬರೆದುದನ್ನು ದೋಷವೆನ್ನಬೇಕೆ? ನನಗೆ ಹಾಗೆ ತೋರುವುದಿಲ್ಲ. ಸಾವಿನ ಭಯಕ್ಕೆ ಮದ್ದು ಹೇಳುವಾಗ ‘ನಾನು’ ಎಂಬುದನ್ನು ಸಡಿಲಿಸಬೇಕಾಗುತ್ತದೆ. ಋಣದ ಮಾತು ಬಂದಾಗ ಬಿಗಿಯಬೇಕಾಗುತ್ತದೆ. ಈ ಎಳೆದಾಟ ಆ ಕಾಲದ ಎಲ್ಲ ಚಿಂತಕರಲ್ಲಿಯೂ ಇದೆ.

ಬಿಗಿಯಾದ ಗೆರೆಯನ್ನು ಎಳೆದವನು ಎಪಿಕ್ಟೇಟಸ್. ಇಂದಿನ ತುರ್ಕಿ ದೇಶದಲ್ಲಿರುವ ಹೈರಾಪೋಲಿಸ್ ಎಂಬಲ್ಲಿ ಸುಮಾರು ಕ್ರಿ.ಶ. 50ರಲ್ಲಿ ಗುಲಾಮನಾಗಿ ಹುಟ್ಟಿದವನು. ಅವನ ಹೆಸರಿನ ಅರ್ಥವೇ ಸಂಪಾದಿಸಲ್ಪಟ್ಟವನು, ಅಂದರೆ ಕೊಂಡು ತಂದ ಸರಕು ಎಂದು. ಅವನ ಒಡೆಯ ಎಪಾಫ್ರೊಡಿಟಸ್ ಕೂಡ ನೀರೋ ಚಕ್ರವರ್ತಿಯ ಬಳಿ ಇದ್ದ ಬಿಡುಗಡೆ ಹೊಂದಿದ ಗುಲಾಮನೇ. ಕಾಲು ಕುಂಟಾಗಿದ್ದ ಈ ಗುಲಾಮನು ಮ್ಯೂಸೋನಿಯಸ್ ರೂಫಸ್ ಎಂಬ ಗುರುವಿನಲ್ಲಿ ಸ್ಟೋಯಿಕ್ ದರ್ಶನವನ್ನು ಅಭ್ಯಸಿಸಿ, ಬಿಡುಗಡೆ ಪಡೆದು, ತಾನೇ ಗುರುವಾದನು. ಡೊಮಿಷಿಯನ್ ಚಕ್ರವರ್ತಿಯು ತತ್ತ್ವಜ್ಞಾನಿಗಳನ್ನು ರೋಮಿನಿಂದ ಹೊರಗಟ್ಟಿದಾಗ ಗ್ರೀಸಿನ ಪಶ್ಚಿಮ ತೀರದ ನಿಕೋಪೋಲಿಸ್‌ಗೆ ಹೋಗಿ ಶಾಲೆ ತೆರೆದನು. ತಾನಾಗಿ ಏನನ್ನೂ ಬರೆಯಲಿಲ್ಲ. ಶಿಷ್ಯನಾದ ಅರಿಯನ್ ಬರೆದಿಟ್ಟುಕೊಂಡ ಪ್ರವಚನಗಳಲ್ಲಿ ನಾಲ್ಕು ಸಂಪುಟಗಳು ಇಂದಿಗೂ ಲಭ್ಯವಿವೆ.

ಇನ್ನೊಬ್ಬರ ಸ್ವತ್ತಾಗಿ ಬಾಳಿದವನಿಗೆ ‘ನಾನು’ ಎಂಬುದರ ಬೆಲೆ ಬೇರೆಯೇ ರೀತಿಯಲ್ಲಿ ಗೊತ್ತಿರುತ್ತದೆ. ದೇಹ, ಆಸ್ತಿ, ಹೆಸರು, ಅಧಿಕಾರ ಇವೆಲ್ಲ ನಮ್ಮ ಕೈಯಲ್ಲಿಲ್ಲದವು. ಎದುರಿಗೆ ಬಂದುದನ್ನು ಒಪ್ಪುವ, ತಿರಸ್ಕರಿಸುವ, ಆರಿಸಿಕೊಳ್ಳುವ ಶಕ್ತಿಯೊಂದೇ ನಮ್ಮದು. ಅದೇ ನಾವು ಎಂದು ಅವನು ಬೋಧಿಸಿದನು. ಆ ಶಕ್ತಿಗೆ ಅವನು ಕೊಟ್ಟ ಹೆಸರು ‘ಪ್ರೊಹೈರೆಸಿಸ್’. ಅರಸನು ಕಾಲಿಗೆ ಬೇಡಿ ಹಾಕಬಲ್ಲನು, ಈ ಆಯ್ಕೆಯ ಶಕ್ತಿಗೆ ದೇವರಾಜನಾದ ಜ್ಯೂಸ್ ಕೂಡ ಬೇಡಿ ಹಾಕಲಾರನು ಎನ್ನುವಾಗ ಅವನ ಮಾತಿನಲ್ಲಿ ಗುಲಾಮಗಿರಿಯ ಅನುಭವವೇ ಧ್ವನಿಸುತ್ತದೆ. ಅವನ ಮನೆದೇವರ ಮುಂದಿದ್ದ ಕಬ್ಬಿಣದ ದೀಪ ಒಂದು ರಾತ್ರಿ ಕಳುವಾಯಿತು. ನಾಳೆ ಮಣ್ಣಿನ ದೀಪ ತಂದರಾಯಿತೆಂದುಕೊಂಡನು. ಇನ್ನೊಂದು ಕಡೆ ಇದೇ ಘಟನೆಯನ್ನು ನೆನೆಯುತ್ತ, ಕಳ್ಳನು ಆ ದೀಪವನ್ನು ಪುಕ್ಕಟೆಯಾಗಿ ಪಡೆಯಲಿಲ್ಲ, ತನ್ನ ನಂಬಿಕಸ್ಥಿಕೆಯನ್ನೇ ಬೆಲೆಯಾಗಿ ತೆತ್ತು ಕೊಂಡನು ಎಂಬರ್ಥದ ಮಾತನ್ನಾಡುತ್ತಾನೆ. ಅಂಗಡಿಯವರು ಇಂಥ ಲೆಕ್ಕವನ್ನು ಬೇಗ ಗ್ರಹಿಸುತ್ತಾರೆ. ಆದರೆ ಎಲ್ಲರೂ ಗ್ರಹಿಸಲಿಲ್ಲ: ಅವನ ಮರಣಾನಂತರ ಆ ಮಣ್ಣಿನ ದೀಪವನ್ನು ಒಬ್ಬ ಅಭಿಮಾನಿ, ಅದರ ಬೆಳಕಿನಲ್ಲಿ ಓದಿದರೆ ತನಗೂ ಜ್ಞಾನ ಬಂದೀತೆಂಬ ಆಸೆಯಿಂದ, 3,000 ದ್ರಾಖ್ಮಗಳನ್ನು ಕೊಟ್ಟು ಕೊಂಡನೆಂದು ವಿಡಂಬನಕಾರ ಲೂಸಿಯನ್ ಬರೆದಿದ್ದಾನೆ.

ಇಲ್ಲಿ ಒಂದು ಶಂಕೆ ಏಳುವುದು ಸಹಜ. ದೇಹವೂ ನಾನಲ್ಲ, ಹೆಂಡಿರು ಮಕ್ಕಳೂ ನನ್ನ ಕೈಯಲ್ಲಿಲ್ಲದವರು ಎಂದಮೇಲೆ ಅವರ ಬಗ್ಗೆ ನನ್ನ ಹೊಣೆ ಏನು ಉಳಿಯಿತು? ಮಗು ಸತ್ತರೆ ಕಳೆದುಕೊಂಡೆನೆನ್ನಬೇಡ, ಹಿಂದಿರುಗಿಸಿದೆನೆನ್ನು ಎಂಬ ಭಾವದ ಅವನ ಉಪದೇಶವನ್ನು ಕಲ್ಲೆದೆಯ ಮಾತೆಂದು ತೆಗೆದುಹಾಕಿದವರು ಅಂದೂ ಇದ್ದರು, ಇಂದೂ ಇದ್ದಾರೆ. ಇದಕ್ಕೆ ಉತ್ತರವನ್ನು ಅವನ ಇನ್ನೊಂದು ಪ್ರವಚನದಲ್ಲಿಯೇ ಹುಡುಕಬೇಕು. ಒಬ್ಬ ಅಧಿಕಾರಿ ಅವನನ್ನು ಕಾಣಲು ಬರುತ್ತಾನೆ. ತನ್ನ ಪುಟ್ಟ ಮಗಳು ಕಾಯಿಲೆ ಬಿದ್ದಾಗ ಅವಳ ಸಂಕಟವನ್ನು ನೋಡಲಾಗದೆ ಮನೆ ಬಿಟ್ಟು ಓಡಿಹೋದೆನೆಂದೂ, ಗುಣವಾಯಿತೆಂಬ ಸುದ್ದಿ ಬರುವತನಕ ಹಿಂದಿರುಗಲಿಲ್ಲವೆಂದೂ, ಅದು ತಂದೆಯಾದವನಿಗೆ ಸಹಜವೆಂದೂ ಹೇಳಿಕೊಳ್ಳುತ್ತಾನೆ. ಎಪಿಕ್ಟೇಟಸನು ಬೈಯುವುದಿಲ್ಲ, ಒಂದೊಂದಾಗಿ ಕೇಳುತ್ತ ಹೋಗುತ್ತಾನೆ. ತಾಯಿಗೆ ಆ ಮಗುವಿನ ಮೇಲೆ ಪ್ರೀತಿಯಿತ್ತೆ? ಇತ್ತು. ಹಾಗಾದರೆ ಅವಳೂ ಓಡಿಹೋಗಬೇಕಿತ್ತೆ? ದಾದಿಗೆ ಪ್ರೀತಿಯಿತ್ತೆ? ಅವಳೂ ಬಿಟ್ಟು ಹೋಗಬೇಕಿತ್ತೆ? ನಿನ್ನಂತೆಯೇ ಎಲ್ಲರೂ ಪ್ರೀತಿಸಿದ್ದರೆ ಆ ಮಗು ಯಾರ ಕೈಯಲ್ಲಿ ಕಣ್ಣು ಮುಚ್ಚಬೇಕಿತ್ತು?

ಓಡಿಹೋದ ತಂದೆಗೆ ‘ನನ್ನ ಮಗಳು’ ಎಂಬುದು ಬಲವಾಗಿತ್ತು. ಆದರೆ ಆ ಬಲವು ತನ್ನ ಸಂಕಟದಿಂದ ತಾನು ಪಾರಾಗುವುದಕ್ಕೆ ವ್ಯಯವಾಯಿತು. ಹಾಸಿಗೆಯ ಪಕ್ಕದಲ್ಲಿ ಕುಳಿತಿರಲು ‘ನಾನು’ ಎಂಬುದು ಸ್ವಲ್ಪ ಹಿಂದೆ ಸರಿಯಬೇಕು. ಸ್ವತಃ ಎಪಿಕ್ಟೇಟಸನು ದೀರ್ಘಕಾಲ ಒಂಟಿಯಾಗಿಯೇ ಬಾಳಿದನು. ಅವನ ವೃದ್ಧಾಪ್ಯದಲ್ಲಿ ಸ್ನೇಹಿತನೊಬ್ಬನು ಬಡತನದ ದೆಸೆಯಿಂದ ತನ್ನ ಕೂಸನ್ನು ಹೊರಗೆ ಎಸೆದುಬಿಡುವುದರಲ್ಲಿದ್ದನು; ಆ ಕಾಲದಲ್ಲಿ ಅದು ಅಪರೂಪದ ಕೃತ್ಯವಾಗಿರಲಿಲ್ಲ. ಎಪಿಕ್ಟೇಟಸನು ಆ ಕೂಸನ್ನು ತಂದು, ಅದನ್ನು ನೋಡಿಕೊಳ್ಳಲೆಂದೇ ಒಬ್ಬ ಹೆಂಗಸನ್ನು ಮನೆಗೆ ಕರೆತಂದು, ಸಾಕಿದನೆಂದು 6ನೆಯ ಶತಮಾನದ ವ್ಯಾಖ್ಯಾನಕಾರ ಸಿಂಪ್ಲಿಷಿಯಸ್ ದಾಖಲಿಸಿದ್ದಾನೆ. ಯಾವುದೂ ನನ್ನದಲ್ಲವೆಂದು ಜೀವಮಾನವಿಡೀ ಹೇಳಿದವನ ಮನೆಯಲ್ಲಿ ಕೊನೆಗೆ ತೊಟ್ಟಿಲು ತೂಗಿತು.

ಸ್ಟೋಯಿಕರಲ್ಲಿ ಎಲ್ಲರೂ ಇಷ್ಟು ಬಿಗಿಯಲ್ಲ. ಕ್ರಿ.ಪೂ. 44ರಲ್ಲಿ ಸಿಸೆರೊ ತನ್ನ ಮಗನಿಗಾಗಿ ಬರೆದ ಕರ್ತವ್ಯಗಳ ಗ್ರಂಥದಲ್ಲಿ, ಪನೀಷಿಯಸ್ ಎಂಬ ಸ್ಟೋಯಿಕನನ್ನು ಅನುಸರಿಸಿ, ಮನುಷ್ಯನಿಗೆ ನಾಲ್ಕು ‘ಪರ್ಸೋನಾ’ಗಳು, ಎಂದರೆ ವೇಷಗಳು, ಇವೆಯೆಂದನು: ಎಲ್ಲರಿಗೂ ಸಮಾನವಾದ ವಿವೇಕ, ಒಬ್ಬೊಬ್ಬರಿಗೇ ವಿಶಿಷ್ಟವಾದ ಸ್ವಭಾವ, ಹುಟ್ಟು ಮತ್ತು ಸಂದರ್ಭಗಳು ತಂದೊಡ್ಡಿದ ಸ್ಥಾನ, ತಾನಾಗಿ ಆರಿಸಿಕೊಂಡ ವೃತ್ತಿ. ನಟನ ಮುಖವಾಡಕ್ಕೆ ಸಲ್ಲುತ್ತಿದ್ದ ಆ ಲ್ಯಾಟಿನ್ ಶಬ್ದವೇ ಕಾಲಾಂತರದಲ್ಲಿ ‘ಪರ್ಸನ್’ ಆಗಿ ಇಂದಿನ ಕಾನೂನಿನ ಪುಸ್ತಕಗಳಲ್ಲಿ ನಿಂತಿದೆ. ಕಂಪನಿಯೂ ಒಬ್ಬ ‘ಪರ್ಸನ್’ ಎಂದು ಬಿ.ಕಾಂ. ತರಗತಿಯಲ್ಲಿ ಓದಿ ಬೆರಗಾದ ನೆನಪು ನನಗಿನ್ನೂ ಇದೆ.

ಸೆನೆಕನ ವಿಷಯದಲ್ಲಿ ವ್ಯಾಪಾರಿಗಳು ಅರಿಯಬೇಕಾದದ್ದು ಅವನ ದಿನದ ಲೆಕ್ಕ. ರಾತ್ರಿ ದೀಪ ತೆಗೆದು, ಈ ರೂಢಿಯನ್ನು ಬಲ್ಲ ಹೆಂಡತಿಯೂ ಮೌನವಾದ ಮೇಲೆ, ಆ ದಿನ ತಾನಾಡಿದ ಮಾತು, ಮಾಡಿದ ಕೆಲಸಗಳನ್ನೆಲ್ಲ ತನ್ನ ಮುಂದೆ ತಾನೇ ವಿಚಾರಣೆಗೆ ಇಟ್ಟುಕೊಳ್ಳುತ್ತಿದ್ದನು, ಏನನ್ನೂ ಮರೆಮಾಚುತ್ತಿರಲಿಲ್ಲ. ನಮ್ಮಲ್ಲಿಯ ಪ್ರತಿಕ್ರಮಣವನ್ನು ಇದು ಯಾರಿಗಾದರೂ ನೆನಪಿಗೆ ತಂದೀತು. ಲೂಸಿಲಿಯಸ್ ಎಂಬ ಮಿತ್ರನಿಗೆ ಬರೆದ ಮೊದಲ ಪತ್ರದಲ್ಲಿ, ತನ್ನ ಸಮಯವೇನೂ ನಷ್ಟವಾಗುತ್ತಿಲ್ಲವೆಂದು ಹೇಳಲಾರೆ, ಆದರೆ ಎಷ್ಟು, ಏಕೆ ನಷ್ಟವಾಯಿತೆಂಬುದಕ್ಕೆ ಲೆಕ್ಕ ಸರಿಯಾಗಿದೆಯೆಂದು ಹೇಳಿಕೊಳ್ಳುತ್ತಾನೆ. ಇವನು ಆಗರ್ಭ ಶ್ರೀಮಂತನಂತೆ ಬಾಳಿದವನು. ತತ್ತ್ವಜ್ಞಾನಿಯೊಬ್ಬನಿಗೆ 30 ಕೋಟಿ ಸೆಸ್ಟರ್ಸ್ ಹೇಗೆ ಸಂಗ್ರಹವಾಯಿತೆಂದು ವಿರೋಧಿಗಳು ಕೇಳಿದುದನ್ನು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಕ್ರಿ.ಶ. 65ರಲ್ಲಿ ನೀರೋನ ಆಜ್ಞೆಯಂತೆ ಪ್ರಾಣ ನೀಗಿದನು. ಇನ್ನು ಕ್ರಿ.ಶ. 161ರಿಂದ 180ರವರೆಗೆ ಆಳಿದ ಮಾರ್ಕಸ್ ಅರೀಲಿಯಸ್ ಚಕ್ರವರ್ತಿಯು ದಂಡಿನ ಡೇರೆಗಳಲ್ಲಿ ಕುಳಿತು ತನಗೆ ತಾನೇ ಬರೆದುಕೊಂಡ ಟಿಪ್ಪಣಿಗಳು ಲೋಕಪ್ರಸಿದ್ಧವಾಗಿವೆ. ದೇಹ, ಉಸಿರು, ಇವೆರಡನ್ನು ಆಳುವ ಬುದ್ಧಿ ಎಂದು ಮೂರು ಮಾಡಿ, ಮೂರನೆಯದು ಮಾತ್ರ ನಿಜವಾಗಿ ನಿನ್ನದೆಂದು ಆತ ತನಗೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಾನೆ. ಅನೇಕ ಮಕ್ಕಳನ್ನು ಕಳೆದುಕೊಂಡ ತಂದೆ ಅವನು. ಮತ್ತೆ ಮತ್ತೆ ಹೇಳಿಕೊಳ್ಳಬೇಕಾಗಿ ಬಂದುದನ್ನು ನೋಡಿದರೆ, ಆ ಪಾಠ ಅವನಿಗೆ ಸುಲಭವಾಗಿರಲಿಲ್ಲವೆಂದೇ ಭಾವಿಸಬೇಕು.

ಸ್ಟೋಯಿಕರ ಮತದಲ್ಲಿ ಆತ್ಮವೂ ಸೂಕ್ಷ್ಮವಾದ ಒಂದು ಭೌತಿಕ ವಸ್ತುವೇ. ಅದನ್ನು ಒಪ್ಪದೆ ಪ್ಲೇಟೋವಿನ ಕಡೆಗೆ ಮರಳಿ, ಆತ್ಮವಿಚಾರವನ್ನು ಅತ್ಯಂತ ಆಳಕ್ಕೆ ಒಯ್ದವನು ಪ್ಲಾಟಿನಸ್. ಕ್ರಿ.ಶ. 204 ಅಥವಾ 205ರಲ್ಲಿ ಹುಟ್ಟಿದವನು. ಹುಟ್ಟಿದ ತಿಂಗಳು, ದಿನ, ತಂದೆತಾಯಿಗಳ ಹೆಸರು ಯಾವುದನ್ನೂ ಅವನು ಯಾರಿಗೂ ಹೇಳಲಿಲ್ಲ. ಅಲೆಕ್ಸಾಂಡ್ರಿಯದಲ್ಲಿ ಅಮೋನಿಯಸ್ ಎಂಬ ಗುರುವಿನ ಬಳಿ 11 ವರ್ಷ ಅಭ್ಯಾಸ ಮಾಡಿದ ಮೇಲೆ, ಪರ್ಷಿಯದವರ ಮತ್ತು ಭಾರತೀಯರ ತತ್ತ್ವಜ್ಞಾನವನ್ನು ನೇರವಾಗಿ ತಿಳಿಯಬೇಕೆಂಬ ಹಂಬಲದಿಂದ ಕ್ರಿ.ಶ. 243ರಲ್ಲಿ ಮೂರನೆಯ ಗಾರ್ಡಿಯನ್ ಚಕ್ರವರ್ತಿಯ ದಂಡಯಾತ್ರೆಯ ಜೊತೆಗೆ ಪೂರ್ವಕ್ಕೆ ಹೊರಟನು. ಮರುವರ್ಷ ಮೆಸೊಪೊಟೇಮಿಯದಲ್ಲಿ ಗಾರ್ಡಿಯನ್ ಮಡಿದನು. ಪ್ಲಾಟಿನಸ್ ಪ್ರಾಣ ಉಳಿಸಿಕೊಂಡು ಆಂಟಿಯೋಕ್ ಸೇರುವುದೇ ಕಷ್ಟವಾಯಿತು. ಭಾರತದವರೆಗೆ ಬಂದಿದ್ದರೆ ಎಂಬ ಕಲ್ಪನೆ ನಮಗೆ ಹಿತವಾದುದೇ, ಆದರೆ ಬರಲಿಲ್ಲ. ನಲವತ್ತನೆಯ ವಯಸ್ಸಿನಲ್ಲಿ ರೋಮಿಗೆ ಹೋಗಿ ಅಲ್ಲಿಯೇ ನೆಲೆಸಿದನು.

ದೇಹದಲ್ಲಿ ಇರುವುದೇ ನಾಚಿಕೆಯೆಂಬಂತೆ ಅವನು ನಡೆದುಕೊಳ್ಳುತ್ತಿದ್ದನೆಂದು ಶಿಷ್ಯ ಪಾರ್ಫಿರಿ ಬರೆದ ಚರಿತ್ರೆ ಆರಂಭವಾಗುತ್ತದೆ. ತನ್ನ ಚಿತ್ರವನ್ನು ಬರೆಸಿಕೊಳ್ಳಲು ಅವನು ಒಪ್ಪಲಿಲ್ಲ. ಪ್ರಕೃತಿ ಹೊದಿಸಿದ ಈ ಪ್ರತಿಬಿಂಬವನ್ನು ಹೊತ್ತು ತಿರುಗುವುದೇ ಸಾಲದೆ, ಪ್ರತಿಬಿಂಬದ ಪ್ರತಿಬಿಂಬವನ್ನು ಬೇರೆ ಬಿಟ್ಟುಹೋಗಬೇಕೆ ಎಂದು ಕೇಳಿದನಂತೆ. ಕೊನೆಗೆ ಅಮೇಲಿಯಸ್ ಎಂಬ ಶಿಷ್ಯನು ಒಬ್ಬ ಚಿತ್ರಕಾರನನ್ನು ಗೋಷ್ಠಿಗೆ ಕರೆತಂದು, ನೋಡಿದ್ದನ್ನು ನೆನಪಿನಿಂದ ಬರೆಯುವಂತೆ ಮಾಡಿದನು. ಪ್ಲಾಟಿನಸ್ ಮಾಂಸವನ್ನು ಮುಟ್ಟುತ್ತಿರಲಿಲ್ಲ. ಕಾಡುಪ್ರಾಣಿಗಳ ಅಂಶ ಸೇರಿದ ಔಷಧವನ್ನು ವೈದ್ಯರು ಕೊಡಹೋದಾಗ, ಸಾಕುಪ್ರಾಣಿಗಳ ಮಾಂಸವನ್ನೇ ತಿನ್ನದವನು ಇದನ್ನು ಹೇಗೆ ಸೇವಿಸಲೆಂದು ನಿರಾಕರಿಸಿದನು. ಅವನ ಪ್ರಭಾವಕ್ಕೆ ಒಳಗಾದ ರೊಗೇಷಿಯಾನಸ್ ಎಂಬ ರಾಜಸಭಾಸದನು ಆಸ್ತಿಯನ್ನೂ ಸೇವಕರನ್ನೂ ಪದವಿಯನ್ನೂ ಬಿಟ್ಟು, ದಿನ ಬಿಟ್ಟು ದಿನ ಊಟ ಮಾಡತೊಡಗಿ, ಕುರ್ಚಿಯಲ್ಲಿ ಹೊತ್ತೊಯ್ಯಬೇಕಾಗಿದ್ದ ತನ್ನ ಸಂಧಿವಾತದಿಂದಲೂ ಮುಕ್ತನಾದನಂತೆ.

ಪ್ಲಾಟಿನಸನ ವಿಚಾರದಲ್ಲಿ ಎದ್ದು ತೋರುವುದು ಅವನು ‘ನಾನು’ ಎನ್ನದೆ ‘ನಾವು’ ಎನ್ನುವುದು. ನಾವು ಯಾರು? ಮೇಲೆ, ಎಂದೂ ಕೆಳಗಿಳಿಯದ ಶುದ್ಧ ಬೋಧವೊಂದಿದೆ. ಅದು ಆತ್ಮದ ಶಿಖರ. ಕೆಳಗೆ, ದೇಹದೊಡನೆ ಬೆರೆತು ಹಸಿಯುವ, ಹೆದರುವ, ಕೆರಳುವ ಪ್ರಾಣಿಯೊಂದಿದೆ. ಇವೆರಡರ ನಡುವೆ ಆಲೋಚಿಸುವ ಮಧ್ಯಭಾಗವೇ ಸಾಮಾನ್ಯವಾಗಿ ‘ನಾವು’. ಆದರೆ ಈ ‘ನಾವು’ ಒಂದೆಡೆ ನೆಟ್ಟ ಕಂಬವಲ್ಲ. ಗಮನವನ್ನು ಎತ್ತ ತಿರುಗಿಸುತ್ತೇವೆಯೋ ಅತ್ತ ನಾವು ಆಗುತ್ತೇವೆ. ಮೊದಲು ನಾವು ಶುದ್ಧರಾಗಿಯೇ ಇದ್ದೆವು. ಆಗ ಇನ್ನೊಬ್ಬ ಮನುಷ್ಯ ತಾನೂ ಇರಬೇಕೆಂಬ ಆಸೆಯಿಂದ ನಮ್ಮ ಬಳಿ ಬಂದು ನಮಗೆ ಸುತ್ತಿಕೊಂಡನು. ಈಗ ನಾವು ಇಬ್ಬರೂ ಆಗಿದ್ದೇವೆ ಎಂಬ ಅರ್ಥದಲ್ಲಿ ಅವನು ಒಂದೆಡೆ ಬರೆಯುತ್ತಾನೆ. ಈ ಒಳಗಿನ ಶುದ್ಧಭಾಗ ನಮಗೇಕೆ ಅರಿವಾಗುವುದಿಲ್ಲವೆಂಬುದಕ್ಕೆ ಅವನ ಬಳಿ ಸೊಗಸಾದ ಒಂದು ದೃಷ್ಟಾಂತವಿದೆ: ತನ್ಮಯನಾಗಿ ಓದುತ್ತಿರುವವನಿಗೆ ತಾನು ಓದುತ್ತಿದ್ದೇನೆಂಬ ಅರಿವು ಇರಲೇಬೇಕೆಂದಿಲ್ಲ. ಅರಿವಿಗೆ ಬಾರದಿದ್ದ ಮಾತ್ರಕ್ಕೆ ಓದು ನಿಂತಿದೆಯೆ?

ಈ ವಿಚಾರದಲ್ಲಿ ಅಪಾಯವೂ ಇದೆ. ದೇಹ ನಾವಲ್ಲವೆಂದ ಮೇಲೆ ಇದನ್ನು ಈಗಲೇ ಏಕೆ ಬಿಟ್ಟುಬಿಡಬಾರದು? ಪಾರ್ಫಿರಿಗೆ ಒಮ್ಮೆ ಇದೇ ಯೋಚನೆ ಬಂದಿತ್ತು. ಯಾರಿಗೂ ಹೇಳಿರಲಿಲ್ಲ. ಒಂದು ದಿನ ಪ್ಲಾಟಿನಸ್ ತಾನಾಗಿಯೇ ಅವನ ಬಿಡಾರಕ್ಕೆ ಬಂದು, ಈ ಬಯಕೆ ವಿವೇಕದಿಂದ ಹುಟ್ಟಿದ್ದಲ್ಲ, ಮನೋವ್ಯಾಧಿಯಿಂದ ಹುಟ್ಟಿದ್ದು, ಊರು ಬಿಟ್ಟು ಸ್ವಲ್ಪ ಕಾಲ ದೂರ ಹೋಗು ಎಂದನು. ಪಾರ್ಫಿರಿ ಸಿಸಿಲಿಗೆ ಹೋಗಿ ಬದುಕಿದನು. ಸಲ್ಲೇಖನ ವ್ರತಕ್ಕೂ ದುಃಖದ ಭರದಲ್ಲಿ ಪ್ರಾಣ ಬಿಡುವುದಕ್ಕೂ ಇರುವ ಅಂತರವನ್ನು ಬಲ್ಲ ನಮ್ಮ ವಾಚಕರಿಗೆ ಈ ವಿವೇಚನೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಲೋಕವೇ ದುಷ್ಟಶಕ್ತಿಯ ಸೃಷ್ಟಿಯೆಂದು ಹಳಿಯುತ್ತಿದ್ದ ‘ನಾಸ್ಟಿಕ್’ ಪಂಥದವರನ್ನು ಖಂಡಿಸುತ್ತ ಪ್ಲಾಟಿನಸ್ ಕೊಟ್ಟ ಹೋಲಿಕೆಯೂ ಇಲ್ಲಿ ಸ್ಮರಣೀಯ. ಒಂದೇ ಚೆಲುವಾದ ಮನೆಯಲ್ಲಿ ಇಬ್ಬರಿದ್ದಾರೆ. ಒಬ್ಬನು ಮನೆಯನ್ನೂ ಕಟ್ಟಿದವನನ್ನೂ ಬೈಯುತ್ತ ಅಲ್ಲಿಯೇ ಇರುತ್ತಾನೆ. ಮತ್ತೊಬ್ಬನು ಬೈಯದೆ, ಕಟ್ಟಿದವನ ಜಾಣ್ಮೆಯನ್ನು ಮೆಚ್ಚುತ್ತ, ಮನೆಯ ಅಗತ್ಯ ತೀರುವ ದಿನಕ್ಕಾಗಿ ಕಾಯುತ್ತಾನೆ.

ಪಾರ್ಫಿರಿಯ ಬಗ್ಗೆ ಇನ್ನಷ್ಟು ಹೇಳಲೇಬೇಕು. ಗುರುವಿನ 54 ಪ್ರಬಂಧಗಳನ್ನು ಒಂಬತ್ತೊಂಬತ್ತರಂತೆ ಆರು ಗುಂಪು ಮಾಡಿ ‘ಎನ್ನಿಯಡ್ಸ್’ ಎಂಬ ಹೆಸರಿನಲ್ಲಿ ಉಳಿಸಿಕೊಟ್ಟವನು ಅವನೇ. ಸಹಪಾಠಿಯಾದ ಕಾಸ್ಟ್ರಿಷಿಯಸ್ ಫರ್ಮಸ್ ಎಂಬವನು ಸಸ್ಯಾಹಾರವನ್ನು ಬಿಟ್ಟು ಮತ್ತೆ ಮಾಂಸಾಹಾರಕ್ಕೆ ಮರಳಿದುದನ್ನು ಕೇಳಿ, ಅವನಿಗಾಗಿ ನಾಲ್ಕು ಭಾಗಗಳ ಒಂದು ಗ್ರಂಥವನ್ನೇ ಬರೆದನು. ಪ್ರಾಣಿಗಳಿಗೂ ವಿವೇಕದ ಪಾಲುಂಟು, ಆದುದರಿಂದ ನ್ಯಾಯವು ಅವುಗಳಿಗೂ ಸಲ್ಲಬೇಕು ಎಂಬ ವಾದ ಅಲ್ಲಿ ವಿಸ್ತಾರವಾಗಿದೆ. ಆದರೆ ಈ ಉಪದೇಶವು ಎಲ್ಲರಿಗೂ ಅಲ್ಲವೆಂದೂ, ಕುಶಲಕರ್ಮಿಗಳು, ಜಟ್ಟಿಗಳು, ಸೈನಿಕರು ಮುಂತಾದವರನ್ನು ಬಿಟ್ಟು, ತಾನು ಯಾರು, ಎಲ್ಲಿಂದ ಬಂದೆ, ಎಲ್ಲಿಗೆ ಹೋಗಬೇಕು ಎಂದು ಕೇಳಿಕೊಂಡವನಿಗೆ ಮಾತ್ರವೆಂದೂ ಆತ ಮಿತಿ ಹಾಕುತ್ತಾನೆ. ಈ ಮಿತಿಯನ್ನು ನಾವು ಒಪ್ಪಲಾರೆವು. ಪ್ರಾಣಿಯ ನೋವು ತಿನ್ನುವವನ ಪಾಂಡಿತ್ಯವನ್ನು ಅವಲಂಬಿಸಿಲ್ಲ. ಆದರೂ ತಟ್ಟೆಯಲ್ಲಿರುವುದನ್ನು ‘ನಾನು ಯಾರು’ ಎಂಬ ಪ್ರಶ್ನೆಗೆ ಜೋಡಿಸಿದ್ದು ಅವನ ಹಿರಿಮೆ. ನಾಲ್ಕನೆಯ ಭಾಗದಲ್ಲಿ, ಎಡೆಸ್ಸದ ಬಾರ್ದೈಸನ್ ಎಂಬವನು ಭಾರತದ ರಾಯಭಾರಿಗಳಿಂದ ಕೇಳಿ ಬರೆದುದನ್ನು ಆಧರಿಸಿ, ಬ್ರಾಹ್ಮಣರನ್ನೂ ‘ಸಮನೈಯಿ’ಗಳನ್ನೂ, ಅಂದರೆ ಶ್ರಮಣರನ್ನೂ ಪಾರ್ಫಿರಿ ವರ್ಣಿಸುತ್ತಾನೆ. ಇದು ನಮ್ಮ ಮುನಿಗಳ ವರ್ಣನೆಯೇ ಎಂದು ಹಿಗ್ಗುವವರನ್ನು ಕಂಡಿದ್ದೇನೆ. ತಲೆ ಬೋಳಿಸಿ, ವಸ್ತ್ರ ಧರಿಸಿ, ರಾಜರು ಕಟ್ಟಿಸಿದ ಮನೆಗಳಲ್ಲಿ ಗಂಟೆಯ ಸದ್ದಿಗೆ ಸೇರಿ ಅನ್ನ, ಹಣ್ಣು, ತರಕಾರಿಗಳನ್ನು ಸ್ವೀಕರಿಸುವವರೆಂದು ಅಲ್ಲಿದೆ. ಇದು ಬೌದ್ಧ ವಿಹಾರದ ಚಿತ್ರಕ್ಕೆ ಹೆಚ್ಚು ಹೊಂದುತ್ತದೆ. ಇಲ್ಲದ ಗೌರವವನ್ನು ನಮ್ಮ ಖಾತೆಗೆ ಜಮೆ ಮಾಡಿಕೊಳ್ಳುವುದು ಬೇಡ.

ಅದೇ ಪಾರ್ಫಿರಿ ವೃದ್ಧಾಪ್ಯದ ಹೊಸ್ತಿಲಲ್ಲಿ ಮಾರ್ಸೆಲ್ಲ ಎಂಬ ವಿಧವೆಯನ್ನು ವರಿಸಿದನು. ಸ್ನೇಹಿತನ ಪತ್ನಿಯಾಗಿದ್ದ ಅವಳಿಗೆ ಐವರು ಹೆಣ್ಣುಮಕ್ಕಳು, ಇಬ್ಬರು ಗಂಡುಮಕ್ಕಳು. ಹತ್ತು ತಿಂಗಳಲ್ಲಿಯೇ ಕಾರ್ಯಾರ್ಥವಾಗಿ ದೂರ ಹೊರಟ ಅವನು ಅವಳನ್ನು ಸಮಾಧಾನಪಡಿಸಲು ಒಂದು ಪತ್ರ ಬರೆದನು. ಕಣ್ಣಿಗೆ ಕಾಣುವ, ಕೈಗೆ ಸಿಗುವ ಈ ವ್ಯಕ್ತಿ ನಾನಲ್ಲ; ದೇಹದಿಂದ ದೂರವಾದ, ಬುದ್ಧಿಗೆ ಮಾತ್ರ ನಿಲುಕುವವನೇ ನಿಜವಾದ ನಾನು; ಆದುದರಿಂದ ನಾನು ನಿನ್ನಿಂದ ಅಗಲಿಲ್ಲ ಎಂದು ಅದರ ಸಾರ. ಸಿದ್ಧಾಂತ ಸರಿಯೇ ಇರಬಹುದು. ಏಳು ಮಕ್ಕಳ ಮನೆಯನ್ನು ನಡೆಸುತ್ತಿದ್ದ ಆಕೆ ಅದನ್ನು ಹೇಗೆ ಓದಿಕೊಂಡಳೋ! ಅವಳ ಉತ್ತರ ನಮಗೆ ಉಳಿದುಬಂದಿಲ್ಲ.

ಪ್ಲಾಟಿನಸನ ನಂತರದ ತಲೆಮಾರಿನವರೇ ಅವನ ಮತವನ್ನು ಪ್ರಶ್ನಿಸಿದರು. ಸಿರಿಯದ ಅಯಾಂಬ್ಲಿಕಸ್, ಮುಂದೆ ಅಥೆನ್ಸಿನ ಪ್ರೋಕ್ಲಸ್ (412–485) ಇಬ್ಬರೂ, ಆತ್ಮವು ಇಳಿದರೆ ಇಡಿಯಾಗಿಯೇ ಇಳಿಯುತ್ತದೆ, ಮೇಲೆ ಉಳಿಯುವ ನಿರ್ಲಿಪ್ತ ಶಿಖರವೆಂಬುದಿಲ್ಲ ಎಂದರು. ಅವರ ತರ್ಕ ಹೀಗಿದೆ: ನಮ್ಮ ಒಂದು ಭಾಗ ಸದಾ ಪರಮಾನಂದದಲ್ಲಿಯೇ ಇದ್ದರೆ ನಾವೆಲ್ಲ ಈಗಲೇ ಏಕೆ ಸುಖಿಗಳಲ್ಲ? ತಪ್ಪು ಮಾಡುವಾಗ ತಪ್ಪಿಗೆ ಒಪ್ಪುವವನು ಯಾರು? ನಿಶ್ಚಯನಯವನ್ನು ಮಾತ್ರ ಹಿಡಿದು ವ್ಯವಹಾರನಯವನ್ನು ಕೈಬಿಟ್ಟವರಿಗೆ ನಮ್ಮ ಆಚಾರ್ಯರು ಕೇಳುತ್ತ ಬಂದ ಪ್ರಶ್ನೆಯೂ ಇದೇ ಬಗೆಯದು. ಒಂದರ ಪ್ರಭಾವ ಇನ್ನೊಂದರ ಮೇಲಾಯಿತೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ; ದಾರಿ ಒಂದೇ ಆದಾಗ ಕವಲುಗಳೂ ಒಂದೇ ಕಡೆ ಬರುತ್ತವೆ.

ಉತ್ತರ ಆಫ್ರಿಕದ ಆಗಸ್ಟೀನ್ (354–430) ಪ್ಲಾಟಿನಸನ ಪಂಥದ ಪುಸ್ತಕಗಳನ್ನು ಲ್ಯಾಟಿನ್ ಅನುವಾದದಲ್ಲಿ ಓದಿ, ಒಳಗೆ ತಿರುಗುವುದನ್ನು ಅಲ್ಲಿ ಕಲಿತವನು; ಅನಂತರ ಕ್ರೈಸ್ತ ಬಿಷಪ್ ಆದವನು. ಆದರೆ ಸುಮಾರು ಕ್ರಿ.ಶ. 397ರಲ್ಲಿ ಬರೆಯತೊಡಗಿದ ಅವನ ‘ಕನ್ಫೆಷನ್ಸ್’ ಗ್ರಂಥದಲ್ಲಿ ಆ ‘ಒಳಗೆ’ ಬೇರೆಯದೇ ಆಗಿದೆ. ಅಲ್ಲಿರುವುದು ಎಂದೂ ಇಳಿಯದ ಶಿಖರವಲ್ಲ. ಹಳೆಯ ನೆನಪುಗಳು ತುಂಬಿದ ವಿಶಾಲವಾದ ಉಗ್ರಾಣ. ತನ್ನನ್ನು ತಾನೇ ಪೂರ್ತಿಯಾಗಿ ಹಿಡಿಯಲಾರೆನೆಂದು ಅಲ್ಲಿ ಅವನು ಬೆರಗಾಗುತ್ತಾನೆ. ಹದಿನಾರನೆಯ ವಯಸ್ಸಿನಲ್ಲಿ ಗೆಳೆಯರೊಡನೆ ಪಕ್ಕದ ತೋಟದಿಂದ ಪೇರುಹಣ್ಣುಗಳನ್ನು ಕದ್ದು ಹಂದಿಗಳಿಗೆ ಎಸೆದ ಸಣ್ಣ ಕೃತ್ಯವನ್ನು ನಲವತ್ತು ದಾಟಿದ ಆ ಧರ್ಮಗುರು ಹಲವು ಪುಟಗಳಲ್ಲಿ ಬಗೆಯುತ್ತಾನೆ. ಆ ಹುಡುಗ ಬೇರೆ, ನಾನು ಬೇರೆ ಎನ್ನುವುದು ಎಷ್ಟು ಸುಲಭವಿತ್ತು! ಎಪಿಕಾರ್ಮಸನ ಸಾಲಗಾರನು ಹಾಗೆಯೇ ಎಂದನು. ಆಗಸ್ಟೀನನು ಎನ್ನಲಿಲ್ಲ.

ಪ್ಲಾಟಿನಸನ ಬಗ್ಗೆ ಒಂದು ಸಂಗತಿಯನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇನೆ. ರೋಮಿನಲ್ಲಿ ಅವನು ಜೆಮಿನಾ ಎಂಬ ಮಹಿಳೆಯ ಮನೆಯಲ್ಲಿ ವಾಸವಾಗಿದ್ದನು. ಪ್ರತಿಷ್ಠಿತ ಕುಟುಂಬಗಳ ಅನೇಕರು ಸಾಯುವ ಮುನ್ನ ತಮ್ಮ ಗಂಡು, ಹೆಣ್ಣುಮಕ್ಕಳನ್ನು ಅವರ ಆಸ್ತಿಯ ಸಮೇತ ಅವನ ವಶಕ್ಕೆ ಒಪ್ಪಿಸುತ್ತಿದ್ದರು. ಹೀಗಾಗಿ ಮನೆ ತಬ್ಬಲಿ ಮಕ್ಕಳಿಂದ ತುಂಬಿಹೋಗಿತ್ತು. ತನ್ನ ಚಿತ್ರವನ್ನು ಬರೆಸಿಕೊಳ್ಳಲು ನಾಚಿದ, ಹುಟ್ಟಿದ ದಿನವನ್ನು ಹೇಳದ, ಆ ಮನುಷ್ಯ ಈ ಮಕ್ಕಳ ಆಸ್ತಿಯ ಲೆಕ್ಕಪತ್ರಗಳನ್ನು ತಂದೊಪ್ಪಿಸಿದವರ ಜೊತೆ ಕುಳಿತು ತಾಳ್ಮೆಯಿಂದ ಪರಿಶೀಲಿಸುತ್ತಿದ್ದನು. ಲೆಕ್ಕ ಚೊಕ್ಕವಾಗಿರಬೇಕೆಂದು ನೋಡಿಕೊಳ್ಳುತ್ತಿದ್ದನು. ಈ ಮಕ್ಕಳು ತಾವಾಗಿ ತತ್ತ್ವಜ್ಞಾನಕ್ಕೆ ತಿರುಗಿ ಎಲ್ಲವನ್ನೂ ಬಿಡುವ ದಿನ ಬರುವತನಕ ಅವರ ಆಸ್ತಿ, ಉತ್ಪನ್ನಗಳು ಒಂದಿನಿತೂ ಕುಂದದೆ ಉಳಿಯಬೇಕೆಂಬುದು ಅವನ ನಿಲುವಾಗಿತ್ತೆಂದು ಪಾರ್ಫಿರಿ ಬರೆಯುತ್ತಾನೆ. ಬಿಡುವುದಿದ್ದರೂ ಬಿಡುವವರು ಅವರೇ ಆಗಬೇಕು. ಅವರ ಪರವಾಗಿ ಇವನು ವೈರಾಗ್ಯ ತಾಳುವಂತಿಲ್ಲ.

ನಮ್ಮ ಊರಿನ ಬಸದಿಯ ವಿಶ್ವಸ್ತ ಮಂಡಳಿಯ ಲೆಕ್ಕಪತ್ರಗಳನ್ನು ಹಲವು ವರ್ಷ ನೋಡಿದವನಾಗಿ, ಈ ಭಾಗವನ್ನು ನಾನು ಎಷ್ಟು ಬಾರಿ ಓದಿದ್ದೇನೆಂಬುದಕ್ಕೆ ಲೆಕ್ಕವಿಟ್ಟಿಲ್ಲ. ಪ್ಲಾಟಿನಸ್ ರೋಮಿನಲ್ಲಿ ಒಟ್ಟು 26 ವರ್ಷಗಳ ಕಾಲ ಇದ್ದು, ಅನೇಕರ ವ್ಯಾಜ್ಯಗಳಲ್ಲಿ ಮಧ್ಯಸ್ಥನಾದರೂ, ಅಧಿಕಾರದಲ್ಲಿದ್ದವರಲ್ಲಿ ಒಬ್ಬನ ದ್ವೇಷವನ್ನೂ ಕಟ್ಟಿಕೊಳ್ಳಲಿಲ್ಲ. ಆ ಮಕ್ಕಳಲ್ಲಿ ಪೊಟಮಾನ್ ಎಂಬ ಹುಡುಗನಿದ್ದನು. ಅವನ ವಿದ್ಯಾಭ್ಯಾಸದ ಮೇಲೆ ಪ್ಲಾಟಿನಸನಿಗೆ ವಿಶೇಷ ಗಮನ. ಹುಡುಗನು ಅದೇ ಪಾಠವನ್ನು ತಿದ್ದಿ ತಿದ್ದಿ ಮತ್ತೆ ಒಪ್ಪಿಸುವಾಗಲೂ, ಪರಮತತ್ತ್ವದೊಡನೆ ಒಂದಾದ ಅನುಭವವನ್ನು ಹೊಂದಿದ್ದ ಆ ವೃದ್ಧನು ಬೇಸರಿಸದೆ ಕುಳಿತು ಕೇಳುತ್ತಿದ್ದನು.